ನೂರಕ್ಕೆ ನಾಲ್ಕು ತೆಗೆದ ಹೋಮ್‌ಸ್ಟೇ

ತನ್ನ ಮನೆಗೆ ನೂರಕ್ಕೆ ನಾಲ್ಕು ಅಂಕ ಬಂದಿದೆ ಎಂದು ತಿಳಿದ ಬೆಳಿಗ್ಗೆ ರಾಮಾಂಜಿನಪ್ಪ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟ. ನಿಜ ಹೇಳಬೇಕೆಂದರೆ ಅಂಕ ಬಂದದ್ದು ಮನೆಗಲ್ಲ, ಮಹಡಿ ಮೇಲಿನ ಮೂರು ರೂಮುಗಳಿಗೆ 'ಗಿರಿದರ್ಶನ ಹೋಮ್‌ಸ್ಟೇ' ಎಂದು ಹೆಸರಿಟ್ಟು ಮಾಡಿಸಿದ್ದ ವೆಬ್‌ಸೈಟಿಗೆ. ಆದರೆ ಅಷ್ಟು ಬಿಡಿಸಿ ನೋಡುವ ತಾಳ್ಮೆ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಬಾಯಿಯ ನೊರೆಯನ್ನು ದಾಸವಾಳದ ಬುಡಕ್ಕೆ ಉಗಿದು, ಫೋನಿನ ಆ ತುದಿಯಲ್ಲಿದ್ದ ಅಕ್ಕನ ಮಗ ನರೇಂದ್ರನನ್ನು ಕೇಳಿದ:

"ಪೇಪರ್ ತಿದ್ದಿದೋನು ಯಾವನೋ ಅವನು?"

"ಪೇಪರ್ ಅಲ್ಲ ಮಾವ, ಸ್ಕೋರು. ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಎಷ್ಟು ಲಿಂಕ್ ಇದಾವೆ ಅಂತ ನೋಡಿ ಒಂದು ಕಂಪನಿಯೋರು ನೂರಕ್ಕೆ ಇಷ್ಟು ಅಂತ ಕೊಡ್ತಾರೆ."

"ನೂರಕ್ಕೆ ನಾಲ್ಕು ಅಂದ್ರೆ ಫೇಲು."

"ಇದ್ರಲ್ಲಿ ಪಾಸು ಫೇಲು ಅಂತೇನಿಲ್ಲ."

"ನೂರು ಅಂತಿದ್ಮೇಲೆ ಮೂವತ್ತೈದೂ ಇರುತ್ತೆ ಕಣೋ. ಅದನ್ನ ನನಗೆ ಹೇಳ್ಕೊಡಬೇಡ."

ಈ ವಿಷಯದಲ್ಲಿ ರಾಮಾಂಜಿನಪ್ಪ ಅನುಭವಸ್ಥ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂರು ಸಲ ಮೂವತ್ತೈದರ ಹೊಸ್ತಿಲ ತನಕ ಹೋಗಿ ವಾಪಸ್ ಬಂದಿದ್ದ. ಆ ಹೊಸ್ತಿಲು ದಾಟಿದವರ ಮೇಲೆ ಅವನಿಗಿದ್ದ ಸಿಟ್ಟು ಮೂವತ್ತು ವರ್ಷವಾದರೂ ಆರಿರಲಿಲ್ಲ.

ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಸ್ಕಂದಗಿರಿ ಹತ್ತಲು ಬರುವ ಜನ ವಾರಕ್ಕೊಮ್ಮೆ ಅವನ ಮನೆ ಮುಂದೆಯೇ ಕಾರುಗಟ್ಟಲೆ ಹಾದುಹೋಗುತ್ತಿದ್ದರು. ಒಂದು ಕಾರೂ ನಿಲ್ಲುತ್ತಿರಲಿಲ್ಲ. ಫೋನಿನಲ್ಲಿ 'ಸ್ಕಂದಗಿರಿ ಹೋಮ್‌ಸ್ಟೇ' ಎಂದು ಹುಡುಕಿದರೆ ಗಿರಿದರ್ಶನ ಸಿಗುತ್ತಿದ್ದದ್ದು ಮೂರನೇ ಪುಟದಲ್ಲಿ. ಅಲ್ಲಿ ತನಕ ಬೆರಳಾಡಿಸುವಷ್ಟರಲ್ಲಿ ಬೆಟ್ಟವನ್ನೇ ಹತ್ತಿ ಇಳಿದುಬಿಡಬಹುದಿತ್ತು. ಗೌರಿಬಿದನೂರಿನಲ್ಲಿ ಕೋಳಿ ಫೀಡಿನ ವ್ಯಾಪಾರ ಮಾಡುವ ಭಾಮೈದ ನರಸಿಂಹಪ್ಪ ಫೀಡಿನ ಮೂಟೆ ಇಡಲು ಆ ರೂಮುಗಳ ಮೇಲೆ ಕಣ್ಣಿಟ್ಟಿದ್ದ. ಹೆಂಡತಿ ಶ್ಯಾಮಲಮ್ಮ ಒಂದು ದಿನ ಸೊಪ್ಪು ಸೋಸುತ್ತ, ಏನೂ ವಿಶೇಷವಿಲ್ಲ ಎಂಬಂತೆ ತೀರ್ಪು ಕೊಟ್ಟಿದ್ದಳು: "ಶಿವರಾತ್ರಿ ತನಕ ನೋಡ್ತೀನಿ. ಅಷ್ಟರೊಳಗೆ ಜನ ಬಂದ್ರೆ ಹೋಮ್‌ಸ್ಟೇ. ಬರ್ಲಿಲ್ಲ ಅಂದ್ರೆ ನಮ್ಮ ನರಸಿಂಹನ ಮೂಟೆ."

ನೆಂಟರ ಮನೆಗಳಲ್ಲೆಲ್ಲ 'ಹೋಮ್‌ಸ್ಟೇ ರಾಮಾಂಜಿನಪ್ಪ' ಎಂದು ಕರೆಸಿಕೊಂಡವನು ಇನ್ನು ಮುಂದೆ ಕೋಳಿ ಫೀಡಿನ ವಾಸನೆಯ ಕೆಳಗೆ ಮಲಗಬೇಕು. ಮೊದಲ ಬಸ್ಸಿಗೇ ಅವನು ಚಿಕ್ಕಬಳ್ಳಾಪುರಕ್ಕೆ ಹೊರಟ.

ನರೇಂದ್ರನ ಆಫೀಸು ಒಂದು ಬೇಕರಿಯ ಮೇಲಿತ್ತು. ಒಂದು ಕಂಪ್ಯೂಟರು, ಎರಡು ಕುರ್ಚಿ, ಕೆಳಗಿನಿಂದ ಬರುವ ಬನ್ನಿನ ವಾಸನೆ.

"ಲಿಂಕ್ ಅಂದ್ರೇನು, ಅದನ್ನ ಹೇಳು."

"ಬೇರೆಯೋರ ಸೈಟಲ್ಲಿ ನಿಮ್ಮ ಹೆಸರಿರಬೇಕು ಮಾವ. ಒತ್ತಿದ್ರೆ ನಿಮ್ಮ ಸೈಟು ತೆರ್ಕೋಬೇಕು."

"ಲಗ್ನಪತ್ರಿಕೆ ಕೆಳಗೆ ಸುಖಾಗಮನ ಬಯಸುವವರು ಅಂತ ಹೆಸರು ಹಾಕಿಸ್ತೀವಲ್ಲ, ಹಂಗಾ?"

ನರೇಂದ್ರ ತಲೆ ಕೆರೆದುಕೊಂಡ. ಇಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು, "ಹೆಚ್ಚುಕಮ್ಮಿ ಹಂಗೇ," ಎಂದ.

ಹಾಗಿದ್ದರೆ ರಾಮಾಂಜಿನಪ್ಪನಿಗೆ ಯಾರೂ ಏನೂ ಕಲಿಸಬೇಕಾಗಿರಲಿಲ್ಲ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿಗೆ ಎರಡು ಸಾಲು, ಸುಖಾಗಮನ ಬಯಸುವವರಿಗೆ ಉಳಿದ ಮೂರು ಪುಟ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರ ಹೆಸರಿನ ಮುಂದೆ 'ಶ್ರೀ' ಬಿಟ್ಟುಹೋಗಿದೆ ಎಂಬುದನ್ನು ಓದಲು ಕೆಲವರು ಕನ್ನಡಕ ಬದಲಾಯಿಸುತ್ತಾರೆ. ರಾಮಾಂಜಿನಪ್ಪ ಒಮ್ಮೆ ತನಗಿಂತ ಚಿಕ್ಕವನ ಕೆಳಗೆ ತನ್ನ ಹೆಸರು ಬಂದಿದೆಯೆಂದು ಮದುವೆಮನೆಯಲ್ಲಿ ಊಟ ಬಿಟ್ಟು, ಕಾಂಪೌಂಡಿನ ಹೊರಗೆ ನಿಂತು ಬೋಂಡ ತಿಂದಿದ್ದ.

ಅವನು ಹೊರಟದ್ದು ಪತ್ರಿಕೆ ಹಂಚಲು ಹೊರಟವನ ಹಾಗೆಯೇ. ಮೊದಲು ಶಿಡ್ಲಘಟ್ಟ. ಅಲ್ಲಿ ದೊಡ್ಡಪ್ಪನ ಮಗ ಗಂಗುಲಪ್ಪ ರೇಷ್ಮೆ ನೂಲು ಬಿಚ್ಚಿಸುವ ಮಿಲ್ಲು ಇಟ್ಟಿದ್ದ. ಅವನ ಮಗಳು ಭಾನುಪ್ರಿಯಾ ಬಿಸಿಎ ಓದುತ್ತ, ಕಲಿತದ್ದನ್ನು ಎಲ್ಲಾದರೂ ಪ್ರಯೋಗಿಸಬೇಕೆಂದು ಅಪ್ಪನ ಮಿಲ್ಲಿಗೊಂದು ವೆಬ್‌ಸೈಟು ಮಾಡಿದ್ದಳು.

"ನಿನ್ನ ಹೆಸರು ಹಾಕ್ತೀನಪ್ಪ, ಅದಕ್ಕೇನು," ಎಂದ ಗಂಗುಲಪ್ಪ. "ನೀನು ನಂದು ಹಾಕ್ತೀಯ ತಾನೆ?"

"ಹಾಕ್ದೇ ಬಿಡ್ತೀನಾ ಅಣ್ಣ."

"ಎಷ್ಟನೇದು?"

"ಮೊದಲನೇದು."

"ಪೋನೀ, ಹೋಗ್ಲಿ ಬಿಡು," ಎಂದು ಗಂಗುಲಪ್ಪ ತೆಲುಗು ಬೆರೆಸಿ ಸಮಾಧಾನಪಟ್ಟುಕೊಂಡ.

ಮೊದಲನೆಯ ಸ್ಥಾನವನ್ನು ರಾಮಾಂಜಿನಪ್ಪ ಆಮೇಲೆ ಚಿಂತಾಮಣಿಯ ನರ್ಸರಿಯ ಷಡ್ಡಕನಿಗೂ ಕೊಟ್ಟ, ಕೆಂಚಾರ್ಲಹಳ್ಳಿಯ ಬೋರ್‌ವೆಲ್ ಲಾರಿಯ ಸೋದರಮಾವನಿಗೂ ಕೊಟ್ಟ. ಸೈಟಿಲ್ಲದವರಿಗೆ ನರೇಂದ್ರನಿಂದ ಸೈಟು ಮಾಡಿಸಿದ. ಮುರುಗಮಲ್ಲದ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ಅಂಗಡಿಯಿಟ್ಟಿದ್ದ ಹಳೇ ಗೆಳೆಯ ಬಾಬಾಜಾನ್, "ಚಪ್ಪಲಿಗೆ ಸೈಟ್ಯಾಕೋ?" ಎಂದು ಕೇಳಿದವನು ಗೆಳೆತನಕ್ಕೆ ಕಟ್ಟುಬಿದ್ದು ಒಪ್ಪಿದ. ಹೀಗೆ ನಮ್ಮ ಜಿಲ್ಲೆಯಲ್ಲಿ ಜಗತ್ತಿನ ಇನ್ನೆಲ್ಲೂ ಕಾಣಸಿಗದ ಸಾಹಿತ್ಯವೊಂದು ಹುಟ್ಟಿತು. ನರ್ಸರಿಯ ಸೈಟಿನಲ್ಲಿ 'ಟೊಮೆಟೊ ಸಸಿ, ಬದನೆ ಸಸಿ, ಸ್ಕಂದಗಿರಿ ಸೂರ್ಯೋದಯಕ್ಕೆ ಗಿರಿದರ್ಶನ' ಎಂದಿತ್ತು. ಬೋರ್‌ವೆಲ್ ಸೈಟಿನಲ್ಲಿ 'ಸಾವಿರದಿನ್ನೂರು ಅಡಿ ಕೊರೆಯುತ್ತೇವೆ, ಆಯಾಸಕ್ಕೆ ಗಿರಿದರ್ಶನ'.

ಎಲ್ಲರ ಹೆಸರನ್ನೂ ವಾಪಸ್ ಹಾಕುವ ಹೊತ್ತು ಬಂದಾಗ ರಾಮಾಂಜಿನಪ್ಪನ ಕೈ ಬಿಗಿಯಾಯಿತು.

"ಅಲ್ವೋ ನರೇಂದ್ರ, ನಾವು ಅವ್ರದು ಹಾಕಿದ್ರೆ ನಮ್ದು ಕಮ್ಮಿಯಾಗುತ್ತಾ?"

"ಹಂಗೂ ಅಂತಾರೆ."

"ಹಾಕಿದಂಗೂ ಇರ್ಬೇಕು, ಹಾಕದೇ ಇದ್ದಂಗೂ ಇರ್ಬೇಕು. ಅಂಥದ್ದೇನಾದ್ರೂ ಐತಾ?"

ಇತ್ತು. ಹೆಸರು ಎಲ್ಲರಿಗೂ ಕಾಣುತ್ತದೆ, ಒತ್ತಿದರೆ ತೆರೆಯುತ್ತದೆ, ಆದರೆ ಹಿಂದುಗಡೆ ಕೋಡಿನಲ್ಲಿ 'ಇವರಿಗೆ ನಾನು ಸಾಕ್ಷಿಯಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ' ಎಂದು ಹುಡುಕುವ ಮಷೀನಿಗೆ ಹೇಳುವ ಒಂದು ಪದ ಸೇರಿಸಿರುತ್ತಾರೆ. ಎಲ್ಲ ನೆಂಟರ ಹೆಸರಿನ ಹಿಂದೆಯೂ ರಾಮಾಂಜಿನಪ್ಪ ಆ ಪದ ಹಾಕಿಸಿದ. ಇಂಥ ಸೌಕರ್ಯ ಲಗ್ನಪತ್ರಿಕೆಯಲ್ಲೂ ಇದ್ದಿದ್ದರೆ ಎಷ್ಟೊಂದು ಸಂಸಾರಗಳು ಉಳಿಯುತ್ತಿದ್ದವೋ ಎಂದು ಅವನಿಗನ್ನಿಸಿತು.

ಸಂಕ್ರಾಂತಿ ಕಳೆದ ಮೇಲೆ ನರೇಂದ್ರನ ಫೋನು ಬಂತು. ಮೂವತ್ತೈದು.

ರಾಮಾಂಜಿನಪ್ಪ ಒಂದು ಬಾಕ್ಸು ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದ. ಎದುರುಮನೆಯ ಪೆದ್ದಮ್ಮ, "ಯಾರಪ್ಪ ಪಾಸಾಗಿದ್ದು?" ಎಂದು ಕೇಳಿದರೆ, "ಮಹಡಿ ಮನೆ," ಎಂದ. ಮುದುಕಿ ಮೈಸೂರುಪಾಕನ್ನು ಬಾಯಿಗಿಡದೆ ಸೆರಗಿನಲ್ಲಿ ಕಟ್ಟಿಕೊಂಡು, ಇವನಿಗೆ ಯಾರಾದರೂ ನಿಂಬೆಹಣ್ಣು ನಿವಾಳಿಸಬಾರದೇ ಎಂಬಂತೆ ನೋಡಿದಳು. ಶ್ಯಾಮಲಮ್ಮ ಮಾತ್ರ ಮೆಟ್ಟಿಲ ಮೇಲಿಂದ ಕೇಳಿದಳು: "ಪಾಸಾದ್ರೆ ಸಂತೋಷ. ರೂಮಿಗೆ ಯಾರಾದ್ರೂ ಬಂದ್ರಾ?"

ಅವನು ಟೀ ಅಂಗಡಿಯಲ್ಲಿ ಹತ್ತು ಜನರ ನಡುವೆ ಕೂತು, ಈಗ ನೋಡಿ ಎಂದು ಹುಡುಕಿದ. ಗಿರಿದರ್ಶನ ಮೂರನೇ ಪುಟದಲ್ಲಿತ್ತು. ಹಿಂದೆ ಎಲ್ಲಿತ್ತೋ ಅಲ್ಲೇ, ಮೇಲೆ ಯಾವುದೋ ಟ್ಯಾಕ್ಸಿ, ಕೆಳಗೆ ಯಾವುದೋ ಟೆಂಟು. ಮೊದಲನೇ ಪುಟದ ಮೊದಲನೇ ಹೆಸರು ಸಂಘಮಿತ್ರಳದು.

ಸಂಘಮಿತ್ರ ಅದೇ ಊರಿನವಳು. ಆದರೆ ಊರಿನ ಆ ಕೊನೆಯ ಬೀದಿಯವಳು, ರಾಮಾಂಜಿನಪ್ಪನ ಮನೆಯವರು ಹೆಸರು ಹೇಳದೆ ಬರೀ 'ಆ ಕಡೆ' ಎನ್ನುವ ಬೀದಿ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಗೋಡೆಯ ಮೇಲೆ ಬುದ್ಧನ ಪಟವಿದ್ದ ಅವಳ ಮನೆಯ ಎರಡು ರೂಮು ವಾರದ ಕೊನೆಗೆ ಖಾಲಿಯಿದ್ದದ್ದನ್ನು ಯಾರೂ ನೋಡಿರಲಿಲ್ಲ.

"ಅವಳದೆಷ್ಟೋ ಸ್ಕೋರು?" ಎಂದು ರಾಮಾಂಜಿನಪ್ಪ ಫೋನಿನಲ್ಲಿ ಕಿರುಚಿದ.

"ಎರಡು, ಮಾವ."

ಎರಡಕ್ಕೆ ಫಸ್ಟು, ಮೂವತ್ತೈದಕ್ಕೆ ಮೂರನೇ ಪುಟ. ಆಗ ಯಾರೋ ಲೋಟದೊಳಗೇ ಅಂದರು: "ಇದ್ರಲ್ಲೂ ಕೋಟಾ ಬಂತೇನ್ರಪ್ಪ."

ಅಂದವನು ಯಾರೆಂದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಅಂಥ ಮಾತನ್ನು ಆಡಿದವರು ನಮ್ಮ ಊರುಗಳಲ್ಲಿ ಯಾವತ್ತೂ ಇರುವುದಿಲ್ಲ. ಮಾತು ಮಾತ್ರ ಇರುತ್ತದೆ, ಅದಕ್ಕೆ ತಲೆದೂಗುವ ಹತ್ತು ತಲೆ ಇರುತ್ತವೆ. ರಾಮಾಂಜಿನಪ್ಪನ ತಲೆ ಎಲ್ಲರಿಗಿಂತ ಜೋರಾಗಿ ತೂಗಿತು. ಸಂಜೆಯೊಳಗೆ ಅದು ಗ್ರಾಮ ಪಂಚಾಯ್ತಿಗೆ ಕೊಟ್ಟ ದೂರಾಯಿತು.

ಪಿಡಿಓ ಕವಿತ ಮೇಡಂ ದೂರನ್ನು ಎರಡು ಸಲ ಓದಿದರು. ಕುಡಿಯುವ ನೀರಿನ ಪೈಪು ಒಡೆದ ದೂರುಗಳ ರಾಶಿಯ ಮೇಲೆ ಅದನ್ನಿಟ್ಟು ಮೂರನೇ ಸಲವೂ ಓದಿದರು.

"ರಾಮಾಂಜಿನಪ್ಪನವರೇ, ಗೂಗಲ್ಲು ನಮ್ಮ ಪಂಚಾಯ್ತಿ ವ್ಯಾಪ್ತಿಗೆ ಬರಲ್ಲ."

"ಅವಳ ಮನೆ ಬರುತ್ತಲ್ಲ ಮೇಡಂ. ಅವಳ್ನ ಕರೆಸಿ."

ಸಂಘಮಿತ್ರ ಕಾಲೇಜಿನಿಂದ ನೇರ ಬಂದಳು, ಬ್ಯಾಗು ಕೂಡ ಕೆಳಗಿಡಲಿಲ್ಲ. ದೂರು ಓದಿದಳು. ಅದನ್ನು ಮೇಡಂ ಮುಂದೆ ಇಟ್ಟು ರಾಮಾಂಜಿನಪ್ಪನ ಕಡೆ ತಿರುಗಿದಳು.

"ನಾನು ಎಂಎಗೆ ಸೇರ್ದಾಗ ಇದೇ ಮಾತಂದ್ರಿ. ಕಾಲೇಜಲ್ಲಿ ಕೆಲ್ಸ ಸಿಕ್ದಾಗ ಇದೇ ಅಂದ್ರಿ. ಈಗ ಒಂದು ಮಷೀನು ನನ್ನ ಹೆಸ್ರು ಮೇಲಾಕಿದ್ರೂ ಇದೇನಾ? ನಾನು ಯಾವ ಬೀದಿಯೋಳು ಅಂತ ಆ ಮಷೀನಿಗೆ ಗೊತ್ತಿಲ್ಲ ರಾಮಾಂಜಿನಪ್ಪನೋರೇ. ನೀವು ಯಾರ ಮಗ ಅಂತ್ಲೂ ಗೊತ್ತಿಲ್ಲ. ನಿಮ್ಗೆ ಹೊಟ್ಟೆ ಉರೀತಿರೋದು ಅದಕ್ಕೆ."

"ಎರಡು ಮಾರ್ಕಿಗೆ..."

"ಎರಡೋ ಇಪ್ಪತ್ತೋ, ನಾನು ನೋಡೇ ಇಲ್ಲ. ಮೇಡಂ, ಅವ್ರ ಸೈಟು ತೆಗೆದು ಓದಿ. ಆಮೇಲೆ ನಂದು ಓದಿ."

ಕವಿತ ಮೇಡಂ ಫೋನು ತೆಗೆದರು. ಗಿರಿದರ್ಶನದ ಮುಖಪುಟದಲ್ಲಿ ಹಾರ ಹಾಕಿಕೊಂಡ ರಾಮಾಂಜಿನಪ್ಪನ ಫೋಟೋ, ಕೆಳಗೆ ವಂಶದ ಚರಿತ್ರೆ, ಅದರ ಕೆಳಗೆ 'ನಮ್ಮ ಹಿತೈಷಿಗಳು' ಎಂದು ಬೋರ್‌ವೆಲ್‌ನಿಂದ ಚಪ್ಪಲಿ ಅಂಗಡಿಯ ತನಕ ಹೆಸರುಗಳು.

"ಫೋನ್ ನಂಬರ್ ಎಲ್ರೀ?"

"ನನ್ನ ನಂಬರ್ ಎಲ್ರಿಗೂ ಗೊತ್ತು ಮೇಡಂ."

ಸಂಘಮಿತ್ರಳ ಸೈಟಿನಲ್ಲಿ ಫೋಟೋವೇ ಸರಿಯಿರಲಿಲ್ಲ. ಬೆಟ್ಟಕ್ಕೆ ಟಿಕೆಟ್ಟು ಮಾಡಿಸುವುದು ಹೇಗೆ, ಬೆಂಗಳೂರಿಂದ ಬರುವ ಬಸ್ಸು ಎಲ್ಲಿ ಇಳಿಸುತ್ತದೆ, ಕಾರು ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಿದರೆ ಪಕ್ಕದ ಹೊಲದವರು ಬೈಯುತ್ತಾರೆ, ಹತ್ತುವಾಗ ಎಷ್ಟು ನೀರು ಬೇಕು, ಇಳಿದ ಮೇಲೆ ಏನು ತಿಂಡಿ ಎಂದೆಲ್ಲ ಬರೆದಿತ್ತು.

"ಇದನ್ನ ನಾನೂ ನೋಡಿದೀನಿ," ಎಂದರು ಕವಿತ ಮೇಡಂ. "ನಮ್ಮ ತಂಗಿ ಮನೆಯೋರು ಬಂದಾಗ ಇದನ್ನೇ ಓದ್ಕೊಂಡು ಹೋದ್ರು." ದೂರನ್ನು ಮಡಿಸಿ ರಾಮಾಂಜಿನಪ್ಪನ ಕೈಗೇ ಕೊಟ್ಟರು. "ಇದನ್ನ ನಾನು ರಿಜಿಸ್ಟರ್ ಮಾಡಿದ್ರೆ ನಿಮಗೇ ಕಷ್ಟ. ಏನು ಬರೆದಿದೀರ ಅಂತ ಮನೆಗೋಗಿ ಇನ್ನೊಂದ್ಸಲ ಓದ್ಕೊಳ್ಳಿ."

ರಾಮಾಂಜಿನಪ್ಪ ಮನೆಗೆ ಹೋಗಿ ಓದಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಗಂಗುಲಪ್ಪ ನಿಂತಿದ್ದ. ಶಿಡ್ಲಘಟ್ಟದಿಂದ ಟಿವಿಎಸ್‌ನಲ್ಲಿ ಬಂದವನ ತಲೆಯಲ್ಲಿ ರೇಷ್ಮೆಯ ಎಳೆಗಳು ಇನ್ನೂ ಅಂಟಿದ್ದವು. ಹಿಂದೆ ಭಾನುಪ್ರಿಯಾ, ಕೈಯಲ್ಲಿ ಲ್ಯಾಪ್‌ಟಾಪು.

"ಹೇಳಮ್ಮ, ನಿಮ್ಮ ಚಿಕ್ಕಪ್ಪನ ಮುಂದೆನೇ ಹೇಳು."

"ಚಿಕ್ಕಪ್ಪ, ನಿಮ್ಮ ಸೈಟಲ್ಲಿ ಅಪ್ಪನ ಹೆಸ್ರು ಹಿಂದೆ ಲೆಕ್ಕಕ್ಕಿಲ್ಲ ಅಂತ ಹಾಕ್ಸಿದೀರ," ಎಂದಳು ಭಾನುಪ್ರಿಯಾ. ಪರೀಕ್ಷೆಗೆ ಬರುವ ಪ್ರಶ್ನೆಯೊಂದನ್ನು ನಿಜಜೀವನದಲ್ಲಿ ಕಂಡ ಉತ್ಸಾಹ ಅವಳ ದನಿಯಲ್ಲಿತ್ತು. "ಅಪ್ಪಂದೊಂದೇ ಅಲ್ಲ, ಎಲ್ಲಾರ್ದೂ."

"ನನ್ನ ಊಟಕ್ಕೆ ಕರ್ದು, ಎಲೆ ಹಾಕಿ, ಬಡಿಸೋನಿಗೆ ಕಣ್ಣು ಹೊಡ್ದಿದೀಯ," ಎಂದ ಗಂಗುಲಪ್ಪ. "ಅದೂ ನನ್ನ ಮಿಲ್ಲಿನ ಸೈಟಲ್ಲಿ ನಿನ್ನ ಹೆಸ್ರು ದಪ್ಪಕ್ಷರದಲ್ಲಿ ಹಾಕ್ಸಿರೋವಾಗ."

"ಅಣ್ಣ, ಅದು ಟೆಕ್ನಿಕಲ್ಲು."

"ನಮ್ಮಪ್ಪ ನಿಮ್ಮಪ್ಪನಿಗೆ ಹೊಲ ಬಿಟ್ಕೊಟ್ಟಾಗ ಅದ್ಯಾವ ಟೆಕ್ನಿಕಲ್ಲೂ ಇರ್ಲಿಲ್ಲ."

ಮಾತು ಹೊಲಕ್ಕೆ ಹೋದ ಮೇಲೆ ಲಿಂಕಿಗೆ ವಾಪಸ್ ಬರುವುದಿಲ್ಲ. ಆ ಸಂಜೆಯೇ ಶಿಡ್ಲಘಟ್ಟದ ಲಿಂಕು ಹೋಯಿತು. ಸುದ್ದಿ ತಿಳಿದು ನರ್ಸರಿ ಹೋಯಿತು. ಸೋದರಮಾವ, "ನಿನ್ನ ಬೋರು ಬತ್ತಿದ್ರೆ ನನ್ನ ಲಾರಿ ಬರಲ್ಲ, ತಿಳ್ಕೊ," ಎಂದು ಫೋನಿನಲ್ಲಿ ಶಾಪ ಹಾಕಿ ತನ್ನದನ್ನೂ ಕಿತ್ತ. ಕೊನೆಗೆ ಉಳಿದದ್ದು ಬಾಬಾಜಾನ್‌ನದು ಮಾತ್ರ, ಅದೂ ಅವನು ತನ್ನ ಸೈಟಿನ ಪಾಸ್‌ವರ್ಡ್ ಮರೆತಿದ್ದರಿಂದ.

ಸ್ಕೋರು ಮೂವತ್ತೈದರಿಂದ ಐದಕ್ಕೆ ಬಿತ್ತು. ಇನ್ನು ಹುಡುಕಿದರೆ ಮೂರನೇ ಪುಟವಲ್ಲ, ಮೂವತ್ತನೆಯದರಲ್ಲೂ ಸಿಗುವುದಿಲ್ಲ ಎಂದುಕೊಂಡು ರಾಮಾಂಜಿನಪ್ಪ ಬೇಕರಿಯ ಮೇಲಿನ ಕಂಪ್ಯೂಟರಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದ. ಗಿರಿದರ್ಶನ ಮೂರನೇ ಪುಟದಲ್ಲೇ ಇತ್ತು. ಮೇಲೆ ಅದೇ ಟ್ಯಾಕ್ಸಿ, ಕೆಳಗೆ ಅದೇ ಟೆಂಟು.

"ನಾಲ್ಕಿದ್ದಾಗ್ಲೂ ಇಲ್ಲೇ. ಮೂವತ್ತೈದಿದ್ದಾಗ್ಲೂ ಇಲ್ಲೇ. ಐದಾದಾಗ್ಲೂ ಇಲ್ಲೇ. ಇದೇನೋ ಇದು?"

ನರೇಂದ್ರ ಕುರ್ಚಿಯನ್ನು ಸ್ವಲ್ಪ ಬಾಗಿಲ ಕಡೆಗೆ ಸರಿಸಿಕೊಂಡ.

"ಮಾವ, ಸ್ಕೋರು ಕೊಡೋದು ಗೂಗಲ್ ಅಲ್ಲ. ಬೇರೆ ಕಂಪನಿ. ಅವ್ರು ಅಂದಾಜು ಮಾಡಿ ಹೇಳ್ತಾರಷ್ಟೆ. ಗೂಗಲ್ಲು ಆ ಸ್ಕೋರನ್ನ ನೋಡೋದೇ ಇಲ್ಲ."

"ಮತ್ಯಾರು ನೋಡೋದು?"

"ನಾವೇ ನೋಡ್ಕೊಳ್ಳೋದು."

"ಲಿಂಕು?"

"ಲಿಂಕ್ ನೋಡುತ್ತೆ. ಆದ್ರೆ ಬೋರ್‌ವೆಲ್ ಲಾರಿಯೋನು ಹೋಮ್‌ಸ್ಟೇ ಹೆಸ್ರು ಯಾಕಾಕಿದಾನೆ ಅನ್ನೋದೂ ಅದಕ್ಕೆ ತಿಳಿಯುತ್ತೆ ಮಾವ."

"ಇದನ್ನ ಮೊದ್ಲೇ ಬೊಗಳೋಕೇನಾಗಿತ್ತೋ ನಿಂಗೆ?"

"ಹೇಳೋಕ್ಬಂದೆ. ನೀವು ಮೂವತ್ತೈದಕ್ಕೆ ಪಾಸು ಅಂದ್ರಿ. ನಾನೂ ಗಣಿತದಲ್ಲಿ ಅಷ್ಟಕ್ಕಷ್ಟೇ, ಸುಮ್ನಾದೆ."

ರಾಮಾಂಜಿನಪ್ಪ ಕಂಪ್ಯೂಟರನ್ನು ಎತ್ತಿ ಒಗೆಯಲು ನೋಡಿದ. ವೈರು ಗಿಡ್ಡವಾಗಿತ್ತು.

ಶಿವರಾತ್ರಿಯ ಹಿಂದಿನ ಶನಿವಾರ ನರಸಿಂಹಪ್ಪನ ಟೆಂಪೋ ಬಂದು ಮನೆ ಮುಂದೆ ನಿಂತಿತು. ಕೋಳಿ ಫೀಡಿನ ವಾಸನೆ ಟೆಂಪೋಗಿಂತ ಮೊದಲೇ ಒಳಗೆ ಬಂದಿತ್ತು. ನೆಂಟರೆಲ್ಲ ಮಾತು ಬಿಟ್ಟಿದ್ದರು, ಟೀ ಅಂಗಡಿಯವರು ಅವನನ್ನು ಕಂಡರೆ 'ಎಷ್ಟಾಯ್ತಣ್ಣ ಮಾರ್ಕು' ಎಂದು ಕೇಳುತ್ತಿದ್ದರು. ಇನ್ನು ಇದೊಂದು ಬಾಕಿಯಿತ್ತು. ರಾಮಾಂಜಿನಪ್ಪ ಜಗಲಿಯ ಮೇಲೆ ಕೂತು, ಮೊದಲ ಮೂಟೆ ಇಳಿದೊಡನೆ ಯಾರನ್ನು ಬೈಯಬೇಕೆಂದು ಲೆಕ್ಕ ಹಾಕುತ್ತಿದ್ದ.

ಟೆಂಪೋದ ಹಿಂದೆ ಒಂದು ಕಾರು ನಿಂತಿತು. ಅದರ ಹಿಂದೆ ಇನ್ನೊಂದು. ಬೂಟು, ಬ್ಯಾಗು, ಟೋಪಿಯ ಹುಡುಗ ಹುಡುಗಿಯರು ಇಳಿದರು. ಒಬ್ಬಳು ಕೇಳಿದಳು:

"ಶ್ಯಾಮಲಮ್ಮನವರ ಮನೆ ಇದೇನಾ?"

ಐವತ್ತು ವರ್ಷದಲ್ಲಿ ಆ ಮನೆಯನ್ನು ಯಾರೂ ಹಾಗೆ ಕರೆದಿರಲಿಲ್ಲ. ರಾಮಾಂಜಿನಪ್ಪ ಬಾಯಿ ತೆಗೆಯುವ ಮೊದಲೇ ಶ್ಯಾಮಲಮ್ಮ ಬಾಗಿಲಿಗೆ ಬಂದಿದ್ದಳು. "ಇದೇ ಕಣಮ್ಮ. ಮೆಟ್ಲು ಆ ಕಡೆ. ಮೇಲೆ ಬಿಸಿನೀರು ಕಾದಿದೆ." ಆಮೇಲೆ ತಮ್ಮನ ಕಡೆ ತಿರುಗಿ, "ಮೂಟೆ ಇಳಿಸ್ಬೇಡಪ್ಪ, ರೂಮು ತುಂಬೋಗಿದಾವೆ. ಹಿಂಗೇ ತಿರುಗಿಸ್ಕೋ," ಎಂದಳು.

"ಅಕ್ಕ, ನೀನೇ ಅಂದಿದ್ದಲ್ಲ..."

"ಅಂದಿದ್ದೆ. ಜನ ಬಂದ್ರೆ ಹೋಮ್‌ಸ್ಟೇ ಅಂತ್ಲೂ ಅಂದಿದ್ದೆ. ಊಟ ಮಾಡ್ಕೊಂಡೋಗು."

"ನಮ್ಮ ಮನೆ ಹೇಗೆ ಗೊತ್ತಾಯ್ತು?" ಎಂದು ರಾಮಾಂಜಿನಪ್ಪ ಟೋಪಿಯ ಹುಡುಗನನ್ನು ತಡೆದು ಕೇಳಿದ. ಹುಡುಗ ಫೋನು ತೋರಿಸಿದ. ಸಂಘಮಿತ್ರಳ ಸೈಟು. ಕೆಳಗಡೆ ಹೊಸದಾಗಿ ಬರೆದಿತ್ತು: 'ನಮ್ಮಲ್ಲಿ ಜಾಗವಿಲ್ಲದಿದ್ದರೆ ಶ್ಯಾಮಲಮ್ಮನವರ ಮನೆಗೆ ಹೋಗಿ. ರೂಮು ಸ್ವಚ್ಛ. ಹುರುಳಿಕಾಳು ಬಸ್ಸಾರು, ಮುದ್ದೆ ತುಂಬ ಚೆನ್ನಾಗಿರುತ್ತದೆ. ಯಜಮಾನರು ಮಾತಿಗೆ ಕರೆದರೆ ಕೂರಬೇಡಿ, ಬೆಟ್ಟಕ್ಕೆ ತಡವಾಗುತ್ತದೆ.' ಅದರ ಕೆಳಗೆ ಶ್ಯಾಮಲಮ್ಮನ ಫೋನ್ ನಂಬರು.

ರಾಮಾಂಜಿನಪ್ಪನ ಕಿವಿ ಕೆಂಪಾಯಿತು. ಪಂಚೆ ಮೇಲೆತ್ತಿ ಕಟ್ಟಿ ಒಳಗೆ ನುಗ್ಗಿದ.

"ನೋಡಿದ್ಯಾ ಆ ಕಡೆಯೋಳ ಕೊಬ್ಬನ್ನ? ನನ್ನ ಮನೆ ಬಗ್ಗೆ ನನ್ನ ಕೇಳ್ದೆ ಬರೆಯೋಕೆ ಅವಳ್ಯಾರು? ಈಗ್ಲೇ ಹೋಗಿ ಕೇಳ್ತೀನಿ."

"ಹೋಗೋದಾದ್ರೆ ಆ ಸ್ಟೀಲ್ ಡಬ್ಬಿ ಕೊಟ್ಟು ಬನ್ನಿ," ಎಂದಳು ಶ್ಯಾಮಲಮ್ಮ, ಮುದ್ದೆಕೋಲು ತಿರುಗಿಸುತ್ತ. "ಮೊನ್ನೆ ಹೋದಾಗ ಅವ್ರಮ್ಮ ಪಲ್ಯ ಹಾಕ್ಕೊಟ್ಟಿದ್ರು."

"ನೀನು ಅವ್ರ ಮನೆಗೆ ಹೋಗಿದ್ಯಾ?"

"ಹೋಗಿದ್ದೆ. ಅಲ್ಲೇ ಕೂತು ಊಟ ಮಾಡ್ದೆ. ನೀವು ಊರೂರು ಅಲೆದು ಹೆಸರು ಹಾಕಿಸ್ಕೊಂಡ್ರಲ್ಲ, ನಮ್ಮೂರಲ್ಲಿ ಜನ ಬರೋ ಮನೆ ಇದ್ದದ್ದೊಂದೇ. ಅವಳನ್ನ ಕೇಳ್ಬೇಕು ಅಂತ ನಿಮಗೆ ಹೊಳೀಲಿಲ್ಲ. ದೂರು ಕೊಡಬೇಕು ಅಂತ ಹೊಳೀತು. ನಾನೇ ಹೋಗಿ, ನಮ್ದೊಂದು ಹೆಸ್ರು ಹಾಕಮ್ಮ ಅಂದೆ. ಅರ್ಧ ಗಂಟೆ ಬೈದ್ಲು, ನಿಮ್ಮ ಪಾಲಿಂದೆಲ್ಲ ನಾನೇ ಬೈಸ್ಕೊಂಡೆ. ಆಮೇಲೆ ಹಾಕಿದ್ಲು."

"ಆಮೇಲೆ ನನ್ನ ಬಗ್ಗೆ ಆ ಕೊನೇ ಸಾಲು? ಅದೂ ಸೇರಿಸ್ಬೇಕಿತ್ತಾ ಅವಳು?"

"ಅವಳು ಸೇರಿಸ್ಲಿಲ್ಲ," ಎಂದಳು ಶ್ಯಾಮಲಮ್ಮ. "ಅದು ನಾನು ಹೇಳಿ ಬರೆಸಿದ್ದು."

ರಾಮಾಂಜಿನಪ್ಪ ಜಗಲಿಗೆ ವಾಪಸ್ ಬಂದು ಕೂತ. ಟೆಂಪೋ ತಿರುಗಿಸಲು ಜಾಗವಿಲ್ಲದೆ ನರಸಿಂಹಪ್ಪ ಹಿಂದಕ್ಕೂ ಮುಂದಕ್ಕೂ ಹೋಗುತ್ತ ಹಾರ್ನ್ ಒತ್ತುತ್ತಿದ್ದ. ಮಹಡಿಯಿಂದ ಟೋಪಿಯ ಹುಡುಗ ಬಾಟಲಿಗೆ ನೀರು ಹಿಡಿಯಲು ಇಳಿದು ಬಂದ. ರಾಮಾಂಜಿನಪ್ಪ ಪಕ್ಕದ ಕುರ್ಚಿಯನ್ನು ಟವಲಿನಿಂದ ಒರೆಸಿ ಮುಂದಕ್ಕೆ ಎಳೆದ.

"ಬನ್ನಿ ಸಾರ್, ಒಂದ್ನಿಮಿಷ ಕೂತ್ಕೊಳಿ. ಈ ವೆಬ್‌ಸೈಟಿನೋರು ಜನಕ್ಕೆ ಹೆಂಗೆ ಮೋಸ ಮಾಡ್ತಾರೆ ಅಂತ ನಿಮಗ್ಗೊತ್ತಾ?"

ಹುಡುಗ ಮರ್ಯಾದಸ್ಥ. ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು ಎರಡೂ ಕೈ ಜೋಡಿಸಿದ.

"ಸಾರಿ ಅಂಕಲ್, ಬೆಟ್ಟಕ್ಕೆ ತಡವಾಗುತ್ತೆ," ಎಂದು ಮೆಟ್ಟಿಲು ಹತ್ತಿ ಹೋದ.

ಆಗ ಮಟಮಟ ಮಧ್ಯಾಹ್ನ. ಬೆಟ್ಟಕ್ಕೆ ಅವರು ಹೊರಡುವುದು ಮರುದಿನ ಬೆಳಗಿನ ಜಾವಕ್ಕೆ.